ಅಪ್‌ಡೇಟ್: ಮಗಳ ಏರ್ ರೈಫಲ್‌ಗೆ ಕೊನೆಗೆ ಯಾವ ಪೆಲೆಟ್ ತಗೊಂಡ್ವಿ

ಹೋದ ತಿಂಗಳು ಕೇಳಿದ್ದೆ: ಮಗಳ 10 ಮೀಟರ್ ಏರ್ ರೈಫಲ್‌ಗೆ ಅಗ್ಗದ ಪೆಲೆಟ್ (ಅದರ ಸಣ್ಣ ಗುಂಡು) ಸಾಕಾ, ಜರ್ಮನಿಯದ್ದೇ ಬೇಕಾ ಅಂತ. ತೂಕ ಹಾಕಿ ನೋಡಿ ಅಂದಿದ್ರಿ. ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡೋ ನಮ್ಮ ಭಾವನ ತಕ್ಕಡಿಯಲ್ಲೇ ಇಪ್ಪತ್ತಿಪ್ಪತ್ತು ತೂಗಿದ್ವಿ. ಜರ್ಮನಿಯ ಎಚ್ ಆ್ಯಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್ ಎಲ್ಲವೂ 0.53 ಗ್ರಾಂ ಆಸುಪಾಸು. ಅಗ್ಗದ್ದರಲ್ಲಿ ಒಂದು 0.49, ಇನ್ನೊಂದು 0.56, ಮೂರರ ಅಂಚು ಡಬ್ಬಿಯಲ್ಲೇ ನಗ್ಗಿತ್ತು. ನಳಿಗೆಯೊಳಗೆ ಗಾಳಿ ಸೋರದ ಹಾಗೆ ಹಿಡಿಯೋದೇ ಹಿಂಬದಿಯ ಆ ತೆಳು ಅಂಚು. ಗುರಿಹಾಳೆಯ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್, ನಗ್ಗಿದ ಪೆಲೆಟ್‌ನಲ್ಲಿ ಮಗು ಏನು ಮಾಡೀತು ಪಾಪ!

ಫಿನಾಲೆ ಬೆಲೆ ನಮಗೆ ಅಗ್ಗದ್ದರ ಸುಮಾರು ಮೂರು ಪಟ್ಟು ಬಿತ್ತು. ಹಾಗಾಗಿ ನಿಂತು ಹಿಡಿಯೋ ಅಭ್ಯಾಸಕ್ಕೆ ಅಗ್ಗದ್ದು, ಸ್ಕೋರ್ ಹಾಕೋ ದಿನ ಫಿನಾಲೆ. ಸಿಗೋದೇ ದೊಡ್ಡ ತಲೆನೋವು. ತಲೆಯ ಅಗಲ 4.49 ಮಿಲಿಮೀಟರ್ ಇರೋದು ಕೇಳಿದರೆ ಒಂದು ಅಂಗಡಿಯವರು 4.50 ಕೊಟ್ಟು ಎರಡೂ ಒಂದೇ ಅಂದ್ರು. ಒಂದಲ್ಲ. ಮಗಳ ರೈಫಲ್‌ನಲ್ಲಿ ಗುರಿಹಾಳೆ ಮೇಲೆ ಬಿದ್ದ ಗುಂಡುಗಳ ಗುಂಪು ಕಣ್ಣಿಗೆ ಕಾಣುವಷ್ಟು ಅಗಲವಾಯ್ತು. ಈಗ ಒಂದೇ ಲಾಟ್‌ನ (ಒಟ್ಟಿಗೆ ತಯಾರಾದ) 500ರ ನಾಲ್ಕು ಡಬ್ಬಿ ತೆಗೆದಿಟ್ಟಿದೀವಿ.

ಇನ್ನೊಂದು, ಪೆಲೆಟ್ ಅಂದರೆ ಸೀಸ. ಅಭ್ಯಾಸ ಮುಗಿಸಿ ಹಾಗೇ ಚಕ್ಕುಲಿಗೆ ಕೈ ಹಾಕ್ತಿದ್ಳು. ಈಗ ಮೊದಲು ಸೋಪು, ಆಮೇಲೆ ಚಕ್ಕುಲಿ.