ನಗರ ಬಸ್ಸುಗಳು ಬಸ್ ಬೇಯೊಳಗೆ ಬಾರದೆ ನಡುರಸ್ತೆಯಲ್ಲೇ ನಿಲ್ಲುವುದೇಕೆ?

ಬನಶಂಕರಿ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ರಸ್ತೆಯಂಚನ್ನು ಒಳಕ್ಕೆ ಸರಿಸಿ ಕಟ್ಟಿದ ಬಸ್ ಬೇಗಳು ಹಲವು ಕಡೆ ಇವೆ. ಆದರೆ ಬಸ್ಸು ಅವುಗಳೊಳಗೆ ಪೂರ್ತಿಯಾಗಿ ಬಂದು ನಿಲ್ಲುವುದನ್ನು ನೋಡುವುದು ಅಪರೂಪ. ಅದು ಎರಡನೆಯ ಲೇನಿನಲ್ಲಿ ಓರೆಯಾಗಿ ನಿಲ್ಲುತ್ತದೆ, ಕಾಯುತ್ತಿದ್ದವರು ರಸ್ತೆಗಿಳಿದು ಓಡಬೇಕಾಗುತ್ತದೆ, ಎಡಗಡೆಯಿಂದ ನುಗ್ಗುವ ಸ್ಕೂಟರ್‌ಗಳು ಅವರ ಕಾಲಿಗೇ ಬರುತ್ತವೆ. ಮೊಣಕಾಲು ನೋವಿರುವ ನನ್ನ ತಾಯಿಯವರು ಫುಟ್‌ಪಾತ್‌ನ ಎತ್ತರದಿಂದಾದರೆ ಹೇಗೋ ಬಸ್ಸು ಹತ್ತುತ್ತಾರೆ. ರಸ್ತೆಯ ಮಟ್ಟದಿಂದ ಮೊದಲ ಮೆಟ್ಟಿಲಿಗೆ ಕಾಲಿಡಲು ಅವರಿಂದ ಆಗುವುದಿಲ್ಲ. ಟ್ಯಾಕ್ಸಿಯವರೂ ತಿರುವಿನಲ್ಲೇ ಗಾಡಿ ನಿಲ್ಲಿಸಿ ಫೋನ್ ನೋಡುತ್ತಾ ಕೂರುತ್ತಾರೆ.

ಇದು ತರಬೇತಿಯ ಕೊರತೆಯೋ, ಅವಸರವೋ, ಉಡಾಫೆಯೋ? ಚಾಲಕ ವೃತ್ತಿಯಲ್ಲಿರುವವರು ಅಥವಾ ಅದನ್ನು ಹತ್ತಿರದಿಂದ ಬಲ್ಲವರು ಉತ್ತರಿಸಿದರೆ ಉಪಕಾರವಾಗುತ್ತದೆ. ಬೈಗುಳ ಬೇಡ, ಅದು ರಸ್ತೆಯಲ್ಲೇ ಬೇಕಾದಷ್ಟು ಸಿಗುತ್ತದೆ.

ನಿವೃತ್ತ ಚಾಲಕ

ಮಾನ್ಯರೇ, ನಾನು ನಗರ ಸಾರಿಗೆಯಲ್ಲಿ ದುಡಿದು ನಿವೃತ್ತನಾದವನು. ಬಸ್ಸು ಸುಮಾರು 12 ಮೀಟರ್ ಉದ್ದವಿರುತ್ತದೆ. ಅದು ಬೇಯೊಳಗೆ ಅಂಚಿಗೆ ನೇರವಾಗಿ ನಿಲ್ಲಬೇಕಾದರೆ ಮುಂದೆಯೂ ಹಿಂದೆಯೂ ಖಾಲಿ ಜಾಗ ಬೇಕು. ಅಲ್ಲಿ ಎರಡು ಆಟೊ, ಒಂದು ತಳ್ಳುಗಾಡಿ ನಿಂತಿದ್ದರೆ ಬಸ್ಸಿನ ಮೂತಿಯನ್ನಷ್ಟೇ ಒಳಗೆ ತೂರಿಸಬಹುದು, ಹಿಂಭಾಗ ರಸ್ತೆಯಲ್ಲೇ ಉಳಿಯುತ್ತದೆ. ನೀವು ಹೇಳುವ ಓರೆ ನಿಲುಗಡೆ ಹೆಚ್ಚಿನ ಸಲ ಇದೇ ಆಗಿರುತ್ತದೆ. ಹಾಗೂ ಒಳಗೆ ಹೋದೆವೆನ್ನಿ. ಕಂಡಕ್ಟರ್ ‘ರೈಟ್ ರೈಟ್’ ಎಂದ ಮೇಲೆ ಬಲಗಡೆಯ ಇಂಡಿಕೇಟರ್ ಹಾಕಿಕೊಂಡು ಕುಳಿತರೆ ದಾರಿ ಬಿಡುವ ಕಾರು ಬರುವುದು ಯಾವಾಗಲೋ.

ಆದರೆ ನನ್ನ ಪ್ರಕಾರ ಮೂಲ ಕಾರಣ ಫಾರ್ಮ್ 4. ಬಸ್ಸು ಎಷ್ಟು ಗಂಟೆಗೆ ಡಿಪೊ ಬಿಡಬೇಕು, ಎಷ್ಟು ಟ್ರಿಪ್, ಒಂದೊಂದು ಟ್ರಿಪ್‌ಗೆ ಎಷ್ಟು ಸಮಯ ಎಂಬುದೆಲ್ಲ ಈ ಹಾಳೆಯಲ್ಲಿ ಇರುತ್ತದೆ. ರಸ್ತೆಯಲ್ಲಿ ವಾಹನಗಳು ಹೆಚ್ಚಿದಷ್ಟು ಬೇಗ ಈ ಹಾಳೆ ಬದಲಾಗುವುದಿಲ್ಲ. ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡು ಕಳೆದ ನಿಮಿಷಗಳನ್ನು ಚಾಲಕ ಎರಡೇ ಕಡೆಯಿಂದ ಹೊಂದಿಸಬಲ್ಲ: ಒಂದು, ನಿಲ್ದಾಣಗಳಲ್ಲಿ ನಿಲ್ಲುವ ಹೊತ್ತಿನಿಂದ; ಇನ್ನೊಂದು, ಕೊನೆಯ ನಿಲ್ದಾಣದಲ್ಲಿ ಚಹಾ ಕುಡಿದು ಶೌಚಕ್ಕೆ ಹೋಗಿಬರುವ ಬಿಡುವಿನಿಂದ. ಬೇಯೊಳಗೆ ಹೋಗದಿದ್ದರೆ ಪ್ರತಿ ನಿಲ್ದಾಣದಲ್ಲೂ ಸ್ವಲ್ಪ ಸಮಯ ಉಳಿಯುತ್ತದೆ, ಇಪ್ಪತ್ತು ಮೂವತ್ತು ನಿಲ್ದಾಣಗಳಾಗುವಾಗ ಅದೇ ಅವನ ಬಿಡುವು. ಉಳಿಸದಿದ್ದರೆ ಕೊನೆಯ ಟ್ರಿಪ್ ಕಟ್ ಆಗುತ್ತದೆ. ಆಗ ವಿವರಣೆ ಕೊಡಬೇಕಾದವನೂ ಅವನೇ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಸಾಮಾನ್ಯ ಮಿತಿ ಹಾಕಿ, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದಿತ್ತು. ಕೊನೆಯ ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಹೊತ್ತು ಸುಮ್ಮನೆ ಕಾದರೆ ಅದನ್ನು ವಿಶ್ರಾಂತಿಯೆನ್ನದೆ ಕೆಲಸದ ಸಮಯಕ್ಕೇ ಸೇರಿಸಬೇಕೆಂದೂ ಅದು ಹೇಳಿತ್ತು. ಕಾಯ್ದೆ ಬರೆದವರಿಗೆ ಈ ಕೆಲಸದ ಒಳಹೊರಗು ಗೊತ್ತಿತ್ತು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಆ ಕಾಯ್ದೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. 8 ಗಂಟೆಯ ಮಿತಿ ಅದರಲ್ಲೂ ಇದೆ.

ಹಳೆಯ ಬಸ್ಸುಗಳಲ್ಲಿ ಎಂಜಿನ್ ಚಾಲಕನ ಎಡಗಾಲಿನ ಪಕ್ಕದಲ್ಲೇ ಇರುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಬಾನೆಟ್ಟಿನ ಮೇಲೆ ಗೋಣಿಚೀಲ ಹಾಸಿದರೂ ಪ್ಯಾಂಟಿನೊಳಗೆ ಮೀನಖಂಡ ಬೇಯುತ್ತಿತ್ತು, ಅದೇ ಕಾಲಿನಲ್ಲಿ ಕ್ಲಚ್ ತುಳಿಯಬೇಕು. ಜೊತೆಗೆ ಒಬ್ಬೊಬ್ಬ ಚಾಲಕ ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಓಡಿಸಿದನೆಂಬ ಲೆಕ್ಕವೂ ಡಿಪೊದಲ್ಲಿ ಇರುತ್ತದೆ. ಅಪಘಾತವಿಲ್ಲದೆ ವರ್ಷಗಟ್ಟಲೆ ಓಡಿಸಿದವರಿಗೆ ನಮ್ಮ ನಿಗಮಗಳು ಬೆಳ್ಳಿ, ಚಿನ್ನದ ಪದಕ ಕೊಡುತ್ತವೆ, ಸಂತೋಷವೇ. ಬಸ್ಸನ್ನು ಅಂಚಿಗೆ ತಾಗಿಸಿ ನಿಲ್ಲಿಸಿದವನ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಹಳದಿ ಬೋರ್ಡ್

ಟ್ಯಾಕ್ಸಿಯ ಬಗ್ಗೆ ನಾನು ಹೇಳುತ್ತೇನೆ. ಹಿರಿಯರು ಹೇಳಿದ 1961ರ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಸ್ವಂತ ಕಾರಿಗೆ ಸಾಲ ಮಾಡಿ ಆ್ಯಪ್‌ನಲ್ಲಿ ಓಡಿಸುವ ನಮ್ಮಂಥವರಿಗೆ ಮಾಲೀಕನೇ ಇಲ್ಲವೆಂದ ಮೇಲೆ ಕೆಲಸದ ಗಂಟೆ ಎಲ್ಲಿಂದ ಬರಬೇಕು? ಚಾಲಕ ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಆಗಿರಬಾರದು ಎಂದು 2020ರ ಕೇಂದ್ರ ಮಾರ್ಗಸೂಚಿ ಹೇಳಿತು. ಆದರೆ ಎರಡು ಫೋನ್, ಮೂರು ಆ್ಯಪ್ ಇಟ್ಟುಕೊಂಡವನಿಗೆ ಆ ಮಿತಿ ಹೆಸರಿಗಷ್ಟೇ. ಇಎಂಐ ಕಟ್ಟುವ ತಾರೀಕು ಹತ್ತಿರ ಬಂದಾಗ ಯಾರೂ ಗಂಟೆ ಎಣಿಸುವುದಿಲ್ಲ.

ತಿರುವಿನಲ್ಲಿ ನಿಲ್ಲುವುದಕ್ಕೆ ಕಾರಣ, ಗ್ರಾಹಕರು ಪಿಕಪ್ ಪಿನ್ ಹಾಕುವುದೇ ಅಲ್ಲಿ. ನೂರು ಅಡಿ ಮುಂದೆ ನಿಲ್ಲಿಸಿ ‘ಸ್ವಲ್ಪ ನಡೆದು ಬನ್ನಿ ಸರ್’ ಎಂದರೆ ಕೆಲವರು ಬುಕಿಂಗ್ ಕ್ಯಾನ್ಸಲ್ ಮಾಡುತ್ತಾರೆ, ಕೆಲವರು ಕಡಿಮೆ ಸ್ಟಾರ್ ಕೊಡುತ್ತಾರೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಗೊತ್ತುಪಡಿಸಿದ ದರದಂತೆ 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 24 ರೂಪಾಯಿ; ಕಾಯುವ ಮೊದಲ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ 1 ರೂಪಾಯಿ. ಪಿಕಪ್‌ಗೆ ಖಾಲಿ ಓಡಿಸುವ ದೂರಕ್ಕೆ ಬಹುಪಾಲು ಏನೂ ಸಿಗುವುದಿಲ್ಲ. ಫೋನ್ ನೋಡುತ್ತಾ ಓಡಿಸುವುದು ತಪ್ಪೆಂದು ನಮಗೂ ಗೊತ್ತು; ಆದರೆ ಮುಂದಿನ ಬಾಡಿಗೆ ಪರದೆಯ ಮೇಲೆ ಕೆಲವೇ ಸೆಕೆಂಡ್ ಮಿನುಗಿ ಮಾಯವಾಗುತ್ತದೆ. ಆ ಸೆಕೆಂಡುಗಳನ್ನು ಹಾಗೆ ಇಟ್ಟವರು ಚಾಲಕರಲ್ಲ.

ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಬಂದ 2025ರ ಕರ್ನಾಟಕದ ಕಾಯ್ದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿಗಳಿಗೆ ವಿಧಿಸಲು ಅವಕಾಶ ಕೊಟ್ಟಿದೆ. ಒಳ್ಳೆಯದೇ. ರಾತ್ರಿ ಎರಡು ಗಂಟೆಗೆ ಮೂತ್ರ ಮಾಡಲು ಒಂದು ಜಾಗ ಸಿಗುವಂತಾದರೆ ಇನ್ನೂ ಒಳ್ಳೆಯದು.

ಕಾಲ್ನಡಿಗೆಯವಳು

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಕೇಳುತ್ತೇನೆ: ರಾತ್ರಿ ಹತ್ತಕ್ಕೆ ರಸ್ತೆ ಖಾಲಿ, ಬೇ ಖಾಲಿ, ಆಗಲೂ ಬಸ್ಸು ಏಕೆ ಒಳಗೆ ಬರುವುದಿಲ್ಲ? ವಯಸ್ಸಾದವರ ಎರಡನೆಯ ಕಾಲು ಮೆಟ್ಟಿಲ ಮೇಲೆ ಬರುವ ಮೊದಲೇ ಬಸ್ಸು ಹೊರಡಬೇಕೆಂದು ಯಾವ ಫಾರ್ಮ್ 4 ಹೇಳುತ್ತದೆ? ಜೀಬ್ರಾ ಪಟ್ಟಿಯ ಮೇಲೆ ಮಕ್ಕಳು ದಾಟುತ್ತಿರುವಾಗ ಹಾರ್ನ್ ಒತ್ತಿಕೊಂಡೇ ನುಗ್ಗುವ ಟ್ಯಾಕ್ಸಿಗೂ ಕಿಲೋಮೀಟರ್ ದರಕ್ಕೂ ಏನು ಸಂಬಂಧ? ಕಷ್ಟ ಎಲ್ಲರಿಗೂ ಇದೆ. ಗಾಜಿನ ಹಿಂದೆ ಕುಳಿತವರ ಕಷ್ಟದ ಬೆಲೆಯನ್ನು ರಸ್ತೆಯಲ್ಲಿ ನಿಂತವರು ತೆರಬೇಕಾಗಿಲ್ಲ.

ನಿವೃತ್ತ ಚಾಲಕ

ಅಮ್ಮಾ, ರಾತ್ರಿ ಹತ್ತರದಕ್ಕೆ ಸಮರ್ಥನೆ ಇಲ್ಲ. ಹಗಲಿನ ಅನಿವಾರ್ಯ ರಾತ್ರಿಗೆ ರೂಢಿಯಾಗಿದೆ. ಕಾಲಿಡುವ ಮುನ್ನ ಬಸ್ಸು ಬಿಡುವುದಂತೂ ಶುದ್ಧ ತಪ್ಪು. ಕಂಡಕ್ಟರ್ ಹಿಂದಿನ ಬಾಗಿಲು ನೋಡಿ ‘ಹೋಲ್ಡಾನ್’ ಎನ್ನಬೇಕು, ಚಾಲಕ ಎಡಗನ್ನಡಿ ನೋಡಬೇಕು. ಜನ ಕಿಕ್ಕಿರಿದಿದ್ದರೂ ಈ ಎರಡು ಕೆಲಸಕ್ಕೆ ವಿನಾಯಿತಿ ಇಲ್ಲ. ಈಗಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಚಾಲಕ ಗುತ್ತಿಗೆ ಕಂಪನಿಯವನು, ಕಂಡಕ್ಟರ್ ನಿಗಮದವನು; ಕಂಪನಿಗೆ ಹಣ ಸಿಗುವುದು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ. ಒಂದೇ ಡಿಪೊದಲ್ಲಿ ಒಟ್ಟಿಗೆ ಬೆಳೆದ ಜೋಡಿಯ ಹೊಂದಾಣಿಕೆಯನ್ನು ಅಲ್ಲಿ ನಿರೀಕ್ಷಿಸುವುದು ಕಷ್ಟ.

ಬನಶಂಕರಿ ನಿವಾಸಿ

ಧನ್ಯವಾದಗಳು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಮೀಸಲಾದ ಲೇನ್ ಇತ್ತು, ಆಮೇಲೆ ಮೆಟ್ರೊ ಕಾಮಗಾರಿಯಲ್ಲಿ ಅದು ಕಳೆದುಹೋಯಿತು. ಲೇನ್ ಬಸ್ಸಿನದೇ ಆಗಿದ್ದರೆ ಒಳಗೆ ಹೋಗಿ ಹೊರಬರುವ ಪ್ರಶ್ನೆಯೇ ಏಳುತ್ತಿರಲಿಲ್ಲವೇನೋ. ಸದ್ಯಕ್ಕೆ, ದೂರು ಕೊಡುವುದಾದರೆ ಅದು ಆ ಬಡಪಾಯಿ ಚಾಲಕನೊಬ್ಬನ ತಲೆಗೇ ಬೀಳದಂತೆ ಹೇಗೆ ಬರೆಯಬೇಕು?

ನಿವೃತ್ತ ಚಾಲಕ

ಬಸ್ಸಿನ ನೋಂದಣಿ ಸಂಖ್ಯೆ ಮಾತ್ರ ಬರೆದರೆ ದೂರು ನೇರವಾಗಿ ಅವನ ಮೇಲೇ ಹೋಗುತ್ತದೆ. ಅದರ ಬದಲು ಮಾರ್ಗ ಸಂಖ್ಯೆ, ನಿಲ್ದಾಣದ ಹೆಸರು, ಸಮಯ ಬರೆಯಿರಿ. ಬೇಯೊಳಗೆ ಆ ಹೊತ್ತಿಗೆ ಏನೇನು ನಿಂತಿತ್ತು ಎಂಬುದರ ಫೋಟೊ ಸೇರಿಸಿ. ಸಂಚಾರ ಪೊಲೀಸರಿಗೂ ಅದೇ ಪ್ರತಿಯನ್ನು ಕಳುಹಿಸಿ. ಒಂದೇ ಮಾರ್ಗದಲ್ಲಿ ಅದೇ ಹೊತ್ತಿಗೆ ಬೇರೆ ಬೇರೆ ದಿನ ಹಾಗೇ ಆಗುತ್ತಿದೆಯೆಂದು ತೋರಿಸಿ, ಆ ಟ್ರಿಪ್‌ನ ಓಡಾಟದ ಸಮಯವನ್ನು ಪರಿಷ್ಕರಿಸಬೇಕೆಂದು ಸ್ಪಷ್ಟವಾಗಿ ಕೇಳಿ. ಡಿಪೊದೊಳಗಿನಿಂದ ನಾವು ಕೇಳಿದರೆ ಸೋಮಾರಿಗಳೆನ್ನುತ್ತಿದ್ದರು. ಪ್ರಯಾಣಿಕರೇ ಕೇಳಿದರೆ ಫೈಲ್ ಬೇರೆ ಮೇಜಿಗೆ ಹೋಗುತ್ತದೆ.