7 ತಿಂಗಳ ಬಸುರಿ, ರಾತ್ರಿ ಎದಿ ಉರಿ ತಡಿಯಾಕ ಆಗವಲ್ದು, ಸಹಾಯ ಬೇಕ್ರಿ

ಅಕ್ಕಾರ ನಮಸ್ಕಾರ್ರಿ, ನಾವು ಹುಬ್ಬಳ್ಳಿ ಉಣಕಲ್ ಕಡೆಯವ್ರು, ನಂಗ ಇದು ಮೊದಲ್ನೇದು, 30 ವಾರ ಆತು. ಹಗಲೆಲ್ಲಾ ಹೆಂಗೋ ನಡೀತೈತಿ, ರಾತ್ರಿ ಅಡ್ಡ ಆದ್ರ ಸಾಕು ಎದಿ ಉರಿಯಾಕ ಹತ್ತತೈತಿ, ಹುಳಿ ನೀರು ಗಂಟಲ ತನಕಾ ಬರ್ತೈತಿ. ಅತ್ತಿಯವ್ರು ಕೂಸಿಗೆ ಕೂದಲ ಭಾಳ ಅದಾವು ಅಂತ ನಗ್ತಾರ, ಡಾಕ್ಟರ್ ಮಾತ್ರ ಹಾರ್ಮೋನಿಂದ ಹೊಟ್ಟಿ ಮ್ಯಾಲಿನ ಬಾಯಿ ಸಡ್ಲ ಆಗಿರ್ತೈತಿ, ಗರ್ಭಕೋಶಾನೂ ಒತ್ತತೈತಿ ಅಂದ್ರು.

ರಂಜಕಾ, ಮಿರ್ಚಿ, ಚಾ ಎಲ್ಲಾ ಬಿಟ್ಟೀನಿ (ಮಿರ್ಚಿ ಬಿಡೂದು ಭಾಳ ತ್ರಾಸ ಆತು ಬಿಡ್ರಿ), ಸ್ವಲ್ಪ ಸ್ವಲ್ಪ ಉಣ್ತೀನಿ, ಉಂಡು 3 ತಾಸು ಮಲಗಂಗಿಲ್ಲ, ತಲಿಕಡೆ ಎತ್ತರ ಮಾಡ್ಕೊಂಡು ಎಡಮಗ್ಗಲಾಗಿ ಮಲಗ್ತೀನಿ. ಬಾಜು ಮನಿ ಕಾಕು ಸೋಡಾಪುಡಿ ಕುಡಿ ಅಂದ್ರು, ಡಾಕ್ಟರ್ ಬ್ಯಾಡಾ ಅಂದಾರ.

ಈಗ ಗೊಂದಲ ಏನಂದ್ರ, ಆಸಿಡಿಟಿ ಸಿರಪ್ಪು ಊಟ ಆದ್ಮ್ಯಾಲ ಮತ್ತ ಮಲಗೂಮುಂದ ತಗೋ ಅಂತ ಬರದಾರ, ಕಬ್ಬಿಣದ ಗುಳಗಿನೂ ರಾತ್ರಿನ ಐತಿ, ಎರಡೂ ಕೂಡಿ ತಗೊಂಡ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ, 2 ತಾಸರೆ ಅಂತರ ಬೇಕು ಅಂದ ಮೆಡಿಕಲ್ ಅಂಗಡಿಯವ, ಕ್ಯಾಲ್ಸಿಯಂ ಗುಳಗಿ ಜೋಡಿನೂ ಬ್ಯಾಡಂತ. ಹಂಗಾದ್ರ ಮೂರನ್ನೂ ಎಲ್ಲಿ ಹೊಂದ್ಸೂದು? ಖಾಲಿ ಹೊಟ್ಟಿಲೆ ಕಬ್ಬಿಣ ತಗೊಂಡ್ರ ವಾಂತಿ ಬಂದಂಗ ಆಗ್ತೈತಿ.

ಡಾಕ್ಟರ್‌ಗೆ ನಾಳೆ ಫೋನ್ ಹಚ್ಚಿ ಕೇಳ್ತೀನಿ, ಆದ್ರ ಇದನ್ನ ದಾಟಿ ಬಂದವ್ರು ಹೇಳ್ರಿ, ನಿಮಗ ಡಾಕ್ಟರ್ ಕಬ್ಬಿಣದ ಗುಳಗಿ, ಕ್ಯಾಲ್ಸಿಯಂ, ಸಿರಪ್ಪು ಯಾವ್ಯಾವ ಹೊತ್ತಿಗೆ ತಗೊ ಅಂದಿದ್ರು?