ಪದಚರ್ಚೆ: ವೆಟ್‌ಲ್ಯಾಂಡ್ ಅಂದರೆ ಜೌಗಾ, ತರಿಯಾ, ಕೆರೆಯಾ?

ಬಳಗದವರಿಗೆ ನಮಸ್ಕಾರ.

ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ಒಟ್ಟಿಗೇ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. 1987ರಲ್ಲಿ ಶುರುವಾದದ್ದು. ಈ ಸಲ ಹಾಸನದ ಸುತ್ತಲಿನ ಕೆರೆಗಳಿಗೆ ಎಣಿಸಲು ಬರುವ ಕಾಲೇಜು ಹುಡುಗರಿಗೂ, ಕೆರೆ ಪಕ್ಕದ ಊರಿನವರಿಗೂ ಕೊಡೋಕೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಹಕ್ಕಿಗಳ ಹೆಸರು ಸಲೀಸಾಗಿ ಸಿಕ್ಕವು. ಸಿಕ್ಕಿಹಾಕಿಕೊಂಡಿರೋದು ವೆಟ್‌ಲ್ಯಾಂಡ್ ಅನ್ನೋ ಪದದಲ್ಲಿ.

ಪತ್ರಿಕೆಗಳಲ್ಲಿ ಜಾಸ್ತಿ ಕಾಣೋದು ‘ಜೌಗು ಪ್ರದೇಶ’. ಆದರೆ ನಮ್ಮ ಕಡೆ ಯಾವ ರೈತನೂ ಜೌಗು ಅನ್ನೋ ಮಾತನ್ನು ಖುಷಿಯಿಂದ ಆಡುವುದಿಲ್ಲ. ಜಮೀನು ಜೌಗು ಹಿಡಿಯಿತು ಅಂದರೆ ಕೆಟ್ಟಿತು ಅಂತಲೇ ಅರ್ಥ, ಕಾಲುವೆ ನೀರು ನಿಂತು ಬೇರು ಕೊಳೆತಾಗ ಹೇಳುವ ಮಾತು ಅದು. ಅಂಥ ಪದ ಹಾಕಿ ‘ಜೌಗು ಉಳಿಸಿ’ ಅಂತ ಅಚ್ಚು ಹಾಕಿಸಿದರೆ, ಬಸಿಗಾಲುವೆ ತೋಡಿಸಿ ಅಂತ ವರ್ಷಾನುಗಟ್ಟಲೆ ಅರ್ಜಿ ಕೊಟ್ಟವರು ನಗುತ್ತಾರೆ ಅಷ್ಟೆ. ಜೊತೆಗೆ ಹೇಮಾವತಿ ಹಿನ್ನೀರನ್ನೋ ಸಖರಾಯಪಟ್ಟಣದ ಅಯ್ಯನಕೆರೆಯನ್ನೋ ನೋಡಿ ಜೌಗು ಅಂತ ಯಾರು ಅಂದಾರು?

ಪದಕ್ಕೆ ಪದ ಇಟ್ಟರೆ ‘ತರಿ’ ಸರಿಯಾಗಿ ಕೂರಬೇಕಿತ್ತು. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಅಂತ ಬರೆಯುತ್ತಾರಲ್ಲ, ಇಂಗ್ಲಿಷ್ ಕಂದಾಯ ಕಡತದಲ್ಲಿ ಅದೇ ತರಿಗೆ ವೆಟ್ ಲ್ಯಾಂಡ್ ಅಂತಲೇ ಇರುತ್ತದೆ. ಆದರೆ ತರಿ ಅಂದರೆ ನೀರಾವರಿ ಇರುವ, ಯಾರದೋ ಹೆಸರಲ್ಲಿರುವ ಗದ್ದೆ. ‘ತರಿ ಸಂರಕ್ಷಣೆ’ ಅಂತ ಕರಪತ್ರ ಹಂಚಿ ನೋಡಿ, ಮಾರನೇ ದಿನ ಪಂಚಾಯ್ತಿ ಮುಂದೆ ಜನ ಸೇರಿರುತ್ತಾರೆ, ನಮ್ಮ ಜಮೀನಿಗೆ ಏನು ಮಾಡೋಕೆ ಹೊರಟಿದ್ದೀರಿ ಅಂತ!

‘ತೇವಭೂಮಿ’ ಪಠ್ಯಪುಸ್ತಕದಂತೆ ಕೇಳುತ್ತದೆ. ಮಳೆ ಬಂದ ಮಾರನೇ ದಿನ ನಮ್ಮ ಹಿತ್ತಲೂ ತೇವಭೂಮಿಯೇ ಅಲ್ವಾ. ‘ಹಡ್ಲು’ ನನಗೆ ಇಷ್ಟದ ಪದ. ನಾಗರಹೊಳೆ ಕಾಡಿನಲ್ಲಿ ಹಡ್ಲು ಅಂದರೆ ಹುಲ್ಲು ಬೆಳೆದ ಜೌಗು ಬಯಲು, ಆನೆ, ಕಾಟಿ ಮೇಯುವ ಜಾಗ. ಆದರೆ ಮಲೆನಾಡಿನಲ್ಲಿ ‘ಗದ್ದೆ ಹಡ್ಲು ಬಿಟ್ಟಿದ್ದಾರೆ’ ಅಂದರೆ ನಾಟಿ ಮಾಡದೆ ಪಾಳು ಬಿಟ್ಟಿದ್ದಾರೆ ಅಂತ. ಅಲ್ಲೂ ತೊಡಕು.

ಈ ಗೋಜಲಿಗೆ ಮೂಲ ಇಂಗ್ಲಿಷ್ ಪದ ತುಂಬಾ ಅಗಲವಾಗಿರೋದೇ ಕಾರಣ ಇರಬೇಕು. ವೆಟ್‌ಲ್ಯಾಂಡ್‌ಗಳನ್ನು ಉಳಿಸೋಕೆ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ದೇಶಗಳ ನಡುವೆ ಆದ ಒಪ್ಪಂದ ಈ ಪದಕ್ಕೆ ಕೊಟ್ಟ ಅರ್ಥದಲ್ಲಿ ಜೌಗೂ ಸೇರುತ್ತದೆ, ಕೆರೆಯೂ ಹೊಳೆಯೂ ಸೇರುತ್ತವೆ, ಮನುಷ್ಯ ಕಟ್ಟಿದ್ದಾದರೂ ಸರಿ, ವರ್ಷದಲ್ಲಿ ಸ್ವಲ್ಪ ಕಾಲವೇ ನೀರು ನಿಂತರೂ ಸರಿ, ಇಳಿತದ ಹೊತ್ತಲ್ಲಿ ಆರು ಮೀಟರಿಗಿಂತ ಆಳವಿಲ್ಲದ ಸಮುದ್ರದಂಚೂ ಸೇರುತ್ತದೆ. ಒಪ್ಪಂದಕ್ಕೆ ಸೇರಿದ ದೇಶದವರು 2008ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ಸೇರಿದಾಗ ಭತ್ತದ ಗದ್ದೆಗಳ ಬಗ್ಗೆಯೇ ಬೇರೆ ನಿರ್ಣಯ ಮಾಡಿದರು. (ರಾಮ್ಸಾರ್ ಅಂದರೆ ರಾಮನ ಸರೋವರವಾ ಅಂತ ಒಬ್ಬ ಹುಡುಗ ಕೇಳಿದ. ಊರ ಹೆಸರು ಕಣಪ್ಪ ಅಂದರೂ ಅವನಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.)

ನಮ್ಮ ದೇಶ 1982ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಆದರೆ ವೆಟ್‌ಲ್ಯಾಂಡ್ ಸಂರಕ್ಷಣೆಗೆ ಅಂತ ಮಾಡಿದ 2017ರ ನಮ್ಮದೇ ನಿಯಮಗಳು ಇದೇ ವ್ಯಾಖ್ಯೆ ಹೇಳಿ ಕೊನೆಗೆ ಒಂದು ‘ಆದರೆ’ ಸೇರಿಸುತ್ತವೆ: ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಅಂತಲೇ ಕಟ್ಟಿದ ಕೆರೆ, ನೀರಾವರಿಗೆ ಅಂತಲೇ ಕಟ್ಟಿದ ರಚನೆ, ಇವು ಲೆಕ್ಕಕ್ಕಿಲ್ಲ. ಹಾಸನ, ಕಡೂರು ಕಡೆಯ ಕೆರೆಗಳನ್ನು ನಮ್ಮ ಹಿರಿಯರು ಮತ್ತಿನ್ನೇಕೆ ಕಟ್ಟಿಸಿದರು ಹೇಳಿ! ತಮಾಷೆ ಏನು ಅಂದರೆ 2024ರಲ್ಲಿ ರಾಮ್ಸಾರ್ ಒಪ್ಪಂದದ ಮಹತ್ವದ ವೆಟ್‌ಲ್ಯಾಂಡ್‌ಗಳ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ಬೇಸಾಯಕ್ಕೆ ಕಟ್ಟಿದ ಕೆರೆಗಳೇ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಹಗಲು ಕೆರೆಯಲ್ಲಿ, ಮೇವಿಗೆ ಸುತ್ತಲ ಹೊಲಗಳಲ್ಲಿ. ಅವುಗಳಿಗೆ ಈ ವ್ಯಾಖ್ಯೆ ಯಾರೂ ಓದಿ ಹೇಳಿಲ್ಲ.

ಹಾಗಾಗಿ ನನ್ನ ಒಲವು ಇಷ್ಟು: ಜನರಿಗೆ ಬರೆಯುವಾಗ ಒಂದೇ ಪದಕ್ಕೆ ಜೋತುಬೀಳೋದು ಬೇಡ. ‘ಕೆರೆ, ಹಿನ್ನೀರು, ಗದ್ದೆಬಯಲು’ ಅಂತ ಬಿಡಿಸಿಯೇ ಬರೆಯೋಣ. ತಲೆಬರಹಕ್ಕೆ ಒಂದೇ ಪದ ಬೇಕಾದರೆ ‘ನೀರುನೆಲ’ ಅಂದರೆ ಹೇಗೆ? ಇದು ನಾನೇ ಕಟ್ಟಿದ ಪದವಲ್ಲ. ಎಲ್ಲೋ ಓದಿದ ನೆನಪು.

ಇನ್ನೊಂದು ಪದ ಫ್ಲೈವೇ. ಹಾರುದಾರಿ, ವಲಸೆ ಪಥ ಅಂತ ಬರೆಯುತ್ತಾರೆ. ದಾರಿ ಅಂದ ಕೂಡಲೇ ಹೆದ್ದಾರಿಯಂತೆ ಒಂದು ಗೆರೆ ಕಣ್ಣಿಗೆ ಬರುತ್ತದೆ. ನಿಜಕ್ಕೂ ಅದು ಭಾರಿ ಅಗಲದ ಸೀಮೆ. ನಮ್ಮಲ್ಲಿಗೆ ಬರುವ ಹಕ್ಕಿಗಳದ್ದು ಮಧ್ಯ ಏಷ್ಯಾದ ಫ್ಲೈವೇ, ಸೈಬೀರಿಯಾದ ತುದಿಯಿಂದ ಹಿಂದೂ ಮಹಾಸಾಗರದ ದ್ವೀಪಗಳ ತನಕ 30 ದೇಶಗಳು ಅದರಲ್ಲಿವೆ. ಮರಿ ಮಾಡುವ ಜಾಗ, ನಡುವೆ ಇಳಿದು ಮೇಯುವ ಜಾಗ, ಚಳಿಗಾಲ ಕಳೆಯುವ ಜಾಗ ಎಲ್ಲಾ ಸೇರಿಯೇ ಫ್ಲೈವೇ. ನಡುವೆ ಒಂದು ಕಡೆ ಕೆರೆ ಬತ್ತಿಸಿದರೆ ಇನ್ನೆಲ್ಲೋ ಹಕ್ಕಿ ಕಡಿಮೆಯಾಗುತ್ತದೆ, ಅದಕ್ಕೇ ದೇಶಗಳು ಕೂತು ಮಾತಾಡಬೇಕಾಗಿ ಬಂದದ್ದು. ವಲಸೆ ಪ್ರಾಣಿಗಳ ಒಪ್ಪಂದದ ದೇಶದವರು 2024ರಲ್ಲಿ ಉಜ್ಬೇಕಿಸ್ತಾನದ ಸಮರಕಂದದಲ್ಲಿ ಸೇರಿದಾಗ ಇದರ ಹೊಂದಾಣಿಕೆಯ ಕೆಲಸ ಭಾರತದಿಂದ ನಡೆಯಲಿ ಅಂತ ಒಪ್ಪಿದರು. ‘ವಲಸೆ ಸೀಮೆ’ ಅಂದರೆ ಅರ್ಥ ಹತ್ತಿರ ಬರುತ್ತದಾ?

ಮತ್ತೆ ‘ವಿದೇಶಿ ಹಕ್ಕಿ ಮರಿ ಮಾಡಲು ಬಂದಿದೆ’ ಅನ್ನುವ ಸುದ್ದಿ ಸಾಲು ದಯವಿಟ್ಟು ಬಿಡಿ. ಹೆಬ್ಬಾತು ಮರಿ ಮಾಡೋದು ಟಿಬೆಟ್, ಮಂಗೋಲಿಯಾ ಕಡೆ. ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ನಮ್ಮ ನಾಡಿನವೇ.

ರಾಮ್ಸಾರ್ ಒಪ್ಪಂದದ ‘ವೈಸ್ ಯೂಸ್’ ಅನ್ನು ‘ವಿವೇಕಯುತ ಬಳಕೆ’ ಅನ್ನುವ ಬದಲು ‘ಹದವರಿತ ಬಳಕೆ’ ಅಂತ ಹಾಕಿದ್ದೇನೆ. ಕೆರೆಗೆ ಇಳಿಯಲೇಬೇಡಿ ಅಂತ ಆ ಒಪ್ಪಂದ ಹೇಳುವುದಿಲ್ಲ, ಮೀನು ಹಿಡಿಯುವವರಿಗೂ ದನ ತೊಳೆಯುವವರಿಗೂ ಇದು ಮೊದಲು ಗೊತ್ತಾಗಬೇಕು. ಇದಕ್ಕೆ ಆಕ್ಷೇಪ ಇದ್ದರೆ ಹೇಳಿ.

ನಿಮ್ಮಿಂದ ಬೇಕಾಗಿರುವ ಮುಖ್ಯ ಸಹಾಯ ಒಂದಿದೆ. ಬೇಸಿಗೆಗೆ ಮುಂಚೆ ನೀರು ಇಳಿಯುತ್ತಾ ಬಂದಾಗ ಕೆರೆ ಅಂಚಲ್ಲಿ ಪಾದ ಮುಳುಗುವಷ್ಟು ನೀರು, ಕೆಸರು, ನಡುನಡುವೆ ಜೊಂಡು ಉಳಿಯುತ್ತದಲ್ಲ, ಗೊರವ ಹಕ್ಕಿಗಳು ಹುಳ ಹೆಕ್ಕುತ್ತಾ ಓಡಾಡುವ ಜಾಗ. ‘ಕೆರೆ ಅಂಗಳ’ ಅಂದರೆ ಒಣಗಿದ ಭಾಗವೂ ಸೇರುತ್ತದೆ, ಅದಕ್ಕೇ ಸಾಲದು. ಆ ಕೆಸರಂಚಿಗೆ ಅಂತಲೇ ಅರಸೀಕೆರೆ, ಕಡೂರು, ತರೀಕೆರೆ ಕಡೆ ಹಳಬರು ಬೇರೆ ಪದ ಬಳಸುತ್ತಾರಾ? ಊರ ಹೆಸರು ಸೇರಿಸಿ ಬರೆಯಿರಿ. ಡಿಸೆಂಬರ್ ಕೊನೆಗೆ ಅಚ್ಚಿಗೆ ಕೊಡಬೇಕು.